ಕಟ್ಟಡದೊಳಗೆ ತುರ್ತುಸೇವೆಯ ನಿಸ್ತಂತು ಸಂಪರ್ಕ: ಕೊಳ್ಳೇಗಾಲ, ಹನೂರು, ಯಳಂದೂರು ಸೀಮೆಯ ಹಿನ್ನೆಲೆಯಲ್ಲಿ ಒಂದು ವಿವೇಚನೆ

ಚಾಮರಾಜನಗರ ಜಿಲ್ಲೆಯ ಕೊಳ್ಳೇಗಾಲ, ಹನೂರು ಮತ್ತು ಯಳಂದೂರು ತಾಲ್ಲೂಕುಗಳು ಬಯಲೂ ಬೆಟ್ಟವೂ ಕೂಡುವ ಸೀಮೆ. ಯಳಂದೂರಿನ ಬೆನ್ನಿಗೆ ಬಿಳಿಗಿರಿರಂಗನ ಬೆಟ್ಟಸಾಲು ಇದ್ದರೆ, ಹನೂರಿನಾಚೆಗೆ ಜನಪದರು ಎಪ್ಪತ್ತೇಳು ಮಲೆಯೆಂದು ಎಣಿಸುವ ಮಹದೇಶ್ವರ ಬೆಟ್ಟಸಾಲು ಹಬ್ಬಿದೆ. ವೀರಪ್ಪನ್ ಶೋಧಕ್ಕಾಗಿ 2004ರವರೆಗೂ ಈ ಕಾಡುಗಳಲ್ಲಿ ಅಲೆದ ವಿಶೇಷ ಕಾರ್ಯಪಡೆಗಾಗಲಿ, ಇಂದಿಗೂ ಗಸ್ತು ತಿರುಗುವ ಅರಣ್ಯ ಸಿಬ್ಬಂದಿಗಾಗಲಿ ಬೆಟ್ಟ ಕಲಿಸುವ ಪಾಠ ಒಂದೇ: ಕಣಿವೆಗಿಳಿದರೆ ವೈರ್‌ಲೆಸ್ಸಿನ ಧ್ವನಿ ಕಡಿದುಹೋಗುತ್ತದೆ, ದಿಣ್ಣೆ ಏರಿದರೆ ಮತ್ತೆ ಕೇಳುತ್ತದೆ. ಆದ್ದರಿಂದಲೇ ಇಂತಹ ಸೀಮೆಗಳಲ್ಲಿ ಮರುಪ್ರಸಾರ ಕೇಂದ್ರಗಳನ್ನು ಎತ್ತರದ ನೆಲೆಗಳಲ್ಲಿ ಸ್ಥಾಪಿಸಲಾಗುತ್ತದೆ.

ಬೆಟ್ಟದ ಮರೆಯಲ್ಲಿ ಉಂಟಾಗುವ ಈ 'ತರಂಗದ ನೆರಳು' ಪಟ್ಟಣದ ಕಾಂಕ್ರೀಟು ಕಟ್ಟಡದೊಳಗೂ ಉಂಟಾಗುತ್ತದೆ. ಬೆಟ್ಟದ ನೆರಳನ್ನು ಎಲ್ಲರೂ ಬಲ್ಲರು. ಕಟ್ಟಡದ ನೆರಳು ಅರಿವಿಗೆ ಬರುವುದು ಮಾತ್ರ ಬಹುತೇಕ ಅವಘಡದ ಗಳಿಗೆಯಲ್ಲಿ. ಪ್ರಸ್ತುತ ಲೇಖನದಲ್ಲಿ ಈ ಸಮಸ್ಯೆಯ ಸ್ವರೂಪವನ್ನೂ ಸಣ್ಣ ಪಟ್ಟಣಗಳಿಗೆ ಸಾಧ್ಯವಾದ ಪರಿಹಾರಗಳನ್ನೂ ವಿವೇಚಿಸಲಾಗಿದೆ.

ನಿಸ್ತಂತು ತರಂಗದ ಕ್ಷಯವನ್ನು ಡೆಸಿಬೆಲ್‌ಗಳಲ್ಲಿ ಅಳೆಯುತ್ತಾರೆ. ಪ್ರತಿ 10 ಡೆಸಿಬೆಲ್ ನಷ್ಟಕ್ಕೆ ತರಂಗದ ಶಕ್ತಿ ಹತ್ತನೆಯ ಒಂದು ಭಾಗಕ್ಕಿಳಿಯುತ್ತದೆ. ಕಬ್ಬಿಣದ ಸರಳುಗಳುಳ್ಳ ಕಾಂಕ್ರೀಟು ಗೋಡೆಯೊಂದು 15 ಡೆಸಿಬೆಲ್ ನುಂಗಿತೆಂದು ಭಾವಿಸೋಣ. ಅಂತಹ ಎರಡು ಗೋಡೆಗಳನ್ನು ದಾಟುವಷ್ಟರಲ್ಲಿ ಶಕ್ತಿ ಸಾವಿರದ ಒಂದು ಭಾಗಕ್ಕೆ ಇಳಿದಿರುತ್ತದೆ. 5 ವ್ಯಾಟ್‌ನ ವಾಕಿಟಾಕಿ ಹೊರಗಿನವರ ಪಾಲಿಗೆ 5 ಮಿಲಿವ್ಯಾಟ್‌ನದಾಗುತ್ತದೆ. ಬಿಸಿಲು ತಡೆಯಲು ಲೋಹದ ತೆಳುಪೊರೆ ಬಳಿದ ಗಾಜು ನೋಟಕ್ಕೆ ಪಾರದರ್ಶಕವಾದರೂ ತರಂಗಕ್ಕೆ ಗೋಡೆಯಂತೆಯೇ ಅಡ್ಡಬರುತ್ತದೆ. ನೆಲಮಾಳಿಗೆಯಲ್ಲಂತೂ ಸುತ್ತಲೂ ಮಣ್ಣು, ಮೇಲೆ ಕಾಂಕ್ರೀಟು; ತರಂಗಕ್ಕೆ ಉಳಿಯುವ ದಾರಿ ಮೆಟ್ಟಿಲ ಬಾಯಿಯೊಂದೇ.

ತರಂಗದೂರವೂ ಇಲ್ಲಿ ಮುಖ್ಯ. 150 ಮೆಗಾಹರ್ಟ್ಸ್ ಆಸುಪಾಸಿನ ತರಂಗ ಸುಮಾರು 2 ಮೀಟರ್ ಉದ್ದದ್ದು. ಅದು ಗುಡ್ಡದ ಅಂಚನ್ನು ಬಳಸಿ ಸ್ವಲ್ಪಮಟ್ಟಿಗೆ ಬಾಗಬಲ್ಲುದಾದ್ದರಿಂದ ಮಲೆಸೀಮೆಗೆ ಒಗ್ಗುತ್ತದೆ. 400 ಮೆಗಾಹರ್ಟ್ಸ್‌ನ ತರಂಗ ಸುಮಾರು 75 ಸೆಂಟಿಮೀಟರ್‌ನದು. ಅದು ಕಿಟಕಿ, ಬಾಗಿಲುಗಳ ಸಂದಿನಲ್ಲಿ ಹೆಚ್ಚು ಸರಾಗವಾಗಿ ನುಸುಳುತ್ತದೆ. ಹೀಗಾಗಿ ಕಾಡಿನಲ್ಲಿ ನೆಚ್ಚಿಗೆ ಪಾತ್ರವಾದ ಉಪಕರಣವೇ ವಾಣಿಜ್ಯ ಸಂಕೀರ್ಣದೊಳಗೂ ಅಷ್ಟೇ ಸಮರ್ಥವಾಗಿರುತ್ತದೆಂದು ಭಾವಿಸಲಾಗದು.

ಇನ್ನೊಂದು ತೊಡಕು ಸುಲಭವಾಗಿ ಗಮನಕ್ಕೆ ಬಾರದು. ಠಾಣೆಯ ಅಥವಾ ವಾಹನದ ವೈರ್‌ಲೆಸ್ ಸಾಮಾನ್ಯವಾಗಿ 25 ವ್ಯಾಟ್ ಸಾಮರ್ಥ್ಯದ್ದು, ಅದರ ಆಂಟೆನಾ ಹೊರಗೆ ತೆರವಿನಲ್ಲಿರುತ್ತದೆ. ಒಳಹೊಕ್ಕವನ ಕೈಯಲ್ಲಿರುವುದು 5 ವ್ಯಾಟ್‌ನ ಸೆಟ್ಟು. ಪರಿಣಾಮವಾಗಿ ಹೊರಗಿನ ಆಜ್ಞೆ ಒಳಗಿರುವವನಿಗೆ ಕೇಳಿಸಿದರೂ ಅವನ ಮೊರೆ ಹೊರಗೆ ಕೇಳಿಸದಿರಬಹುದು. ಹೊರಗಿನ ಅಧಿಕಾರಿ ಆ ಮೌನವನ್ನು ಕ್ಷೇಮವೆಂದು ತಿಳಿಯುವ ಅಪಾಯವಿದೆ.

ಬೆಂಗಳೂರಿನ ಹಳೆಯ ವಿಮಾನ ನಿಲ್ದಾಣ ರಸ್ತೆಯ ಕಾರ್ಲ್‌ಟನ್ ಟವರ್ಸ್‌ನಲ್ಲಿ 2010ರ ಫೆಬ್ರುವರಿ 23ರಂದು ಸಂಭವಿಸಿದ ಅಗ್ನಿದುರಂತದಲ್ಲಿ 9 ಮಂದಿ ಮಡಿದರು. ಹೊಗೆಯ ಹರಡುವಿಕೆ ಮತ್ತು ಹೊರದಾರಿಗಳ ಕುರಿತ ಪ್ರಶ್ನೆಗಳು ಆ ದುರಂತದಿಂದ ನಾಡಿನ ಮುಂದೆ ಬಂದವು. ನಿಸ್ತಂತು ಸಂಪರ್ಕ ಅದರ ಕಾರಣಗಳಲ್ಲಿ ಒಂದೆಂದು ಇಲ್ಲಿ ಹೇಳುತ್ತಿಲ್ಲ. ಆದರೆ ಹೊಗೆ ತುಂಬಿದ ಇಂತಹ ಕಟ್ಟಡದಲ್ಲಿ ಯಾವ ಮಹಡಿಯಲ್ಲಿ ಯಾರು ಸಿಲುಕಿದ್ದಾರೆ, ಯಾವ ಮೆಟ್ಟಿಲು ತೆರವಾಗಿದೆ ಎಂಬುದನ್ನು ಒಳಗಿನಿಂದ ಹೊರಗೆ ತಿಳಿಸುವ ಸಾಧನ ಧ್ವನಿಯೊಂದೇ ಎಂಬುದು ನಿರ್ವಿವಾದ.

ಈ ವಿಷಯದಲ್ಲಿ ನ್ಯೂಯಾರ್ಕಿನ ಅನುಭವ ಬೋಧಪ್ರದವಾಗಿದೆ. 1993ರ ಬಾಂಬ್ ಸ್ಫೋಟದ ತರುವಾಯ ಅಲ್ಲಿನ ವಿಶ್ವ ವಾಣಿಜ್ಯ ಕೇಂದ್ರದಲ್ಲಿ ಅಗ್ನಿಶಾಮಕ ದಳಕ್ಕೆಂದೇ ಮರುಪ್ರಸಾರ ಯಂತ್ರವನ್ನು ಅಳವಡಿಸಲಾಗಿತ್ತು. 2001ರ ಸೆಪ್ಟೆಂಬರ್ 11ರಂದು ಉತ್ತರ ಗೋಪುರದಲ್ಲಿದ್ದ ಅಧಿಕಾರಿಗಳು, ಪರೀಕ್ಷಿಸಿದಾಗ ಧ್ವನಿ ಬಾರದ ಕಾರಣ, ಅದು ಕೆಟ್ಟಿದೆಯೆಂದು ತಿಳಿದು ಕೈಬಿಟ್ಟರು. ಅದನ್ನು ಬಳಸಲು ಒತ್ತಬೇಕಿದ್ದ ಗುಂಡಿಯೊಂದನ್ನು ಒತ್ತಿರಲಿಲ್ಲವೆಂಬುದು ಅನಂತರದ ತನಿಖೆಯಲ್ಲಿ ಕಂಡುಬಂತು. ಹೊರಬರುವ ಆಜ್ಞೆ ಒಳಗಿದ್ದ ಹಲವರಿಗೆ ತಲುಪಲಿಲ್ಲ. ಆ ದಿನ ಮಡಿದ ಅಗ್ನಿಶಾಮಕ ದಳದವರು 343 ಮಂದಿ. ಯಂತ್ರವಿದ್ದರೆ ಸಾಲದು, ಅದರ ಬಳಕೆ ಕೈಗೆ ರೂಢಿಯಾಗಿರಬೇಕು ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಅಮೆರಿಕದ ಅಂತರರಾಷ್ಟ್ರೀಯ ಅಗ್ನಿಸಂಹಿತೆಯು 2009ರ ಆವೃತ್ತಿಯಿಂದ ಹೊಸ ಕಟ್ಟಡಗಳ ಪ್ರತಿ ಮಹಡಿಯ ಶೇ. 95 ಭಾಗದಲ್ಲಿ ತುರ್ತುಸೇವೆಯ ನಿಸ್ತಂತು ಸಂಪರ್ಕ ದೊರೆಯಬೇಕೆಂದು ವಿಧಿಸಿತು. ಮಹಡಿಯನ್ನು 20 ಚೌಕಗಳಾಗಿ ವಿಂಗಡಿಸಿ ಒಂದೊಂದರಲ್ಲೂ ಪರೀಕ್ಷಿಸುವುದು ಅದರ ಕ್ರಮ. ನಮ್ಮ 2016ರ ರಾಷ್ಟ್ರೀಯ ಕಟ್ಟಡ ಸಂಹಿತೆಯಲ್ಲಿ 15 ಮೀಟರ್ ಮತ್ತು ಅದಕ್ಕೂ ಮಿಗಿಲಾದ ಎತ್ತರದ ಕಟ್ಟಡಗಳು ಬಹುಮಹಡಿಯವೆನಿಸಿ, ಅಗ್ನಿಸುರಕ್ಷೆಯ ಹೆಚ್ಚಿನ ನಿಯಮಗಳಿಗೆ ಒಳಪಡುತ್ತವೆ. ಆದರೆ ತರಂಗವನ್ನು ತಡೆಯುವುದು ಎತ್ತರಕ್ಕಿಂತ ಹೆಚ್ಚಾಗಿ ಗೋಡೆಯ ದಪ್ಪ ಮತ್ತು ನೆಲದಡಿಯ ಆಳ. ಎರಡೇ ಅಂತಸ್ತಿನ ಕಲ್ಯಾಣ ಮಂಟಪದ ನೆಲಮಾಳಿಗೆಯ ಊಟದ ಮನೆ, ರೇಷ್ಮೆ ಸೀರೆ ಅಂಗಡಿಯ ಕಿಟಕಿಯಿಲ್ಲದ ದಾಸ್ತಾನು ಕೋಣೆ, ಖಾಸಗಿ ಆಸ್ಪತ್ರೆಯ ಸೀಸದ ಹಾಳೆ ಹೊದಿಸಿದ ಎಕ್ಸ್‌-ರೇ ಕೋಣೆ ಇವು ಎತ್ತರದ ಲೆಕ್ಕಕ್ಕೆ ಸಿಗುವುದಿಲ್ಲ. ಇಂತಹ ತಾಲ್ಲೂಕು ಪಟ್ಟಣಗಳ ನಿಜವಾದ ಸಮಸ್ಯೆ ಇರುವುದು ಇಲ್ಲಿಯೇ.

ದೊಡ್ಡ ಕಟ್ಟಡಗಳಿಗೆ ಸಿದ್ಧಪರಿಹಾರಗಳುಂಟು. ಮಾಳಿಗೆಯ ಮೇಲೊಂದು ಆಂಟೆನಾ, ನಡುವೆ ಎರಡೂ ದಿಕ್ಕಿಗೆ ದುಡಿಯುವ ತರಂಗವರ್ಧಕ, ಒಳಗೆ ಅಲ್ಲಲ್ಲಿ ಚಿಕ್ಕ ಆಂಟೆನಾಗಳು ಒಂದು ಬಗೆ. ಹೊರಕವಚದಲ್ಲಿ ಸೀಳುಗಳಿದ್ದು ಉದ್ದಕ್ಕೂ ತರಂಗವನ್ನು ಸೋರಗೊಡುವ ಕೇಬಲ್ಲನ್ನು ಮೆಟ್ಟಿಲು, ಸುರಂಗಗಳ ಗುಂಟ ಎಳೆಯುವುದು ಇನ್ನೊಂದು ಬಗೆ. ಕೇಬಲ್ಲು ಬೆಂಕಿಗೆ ತಡೆಯುವಂತಿರಬೇಕು. ವಿದ್ಯುತ್ ಕಡಿತಗೊಂಡಾಗ ಬ್ಯಾಟರಿಯ ಆಸರೆ ಇರಬೇಕು. ಪರವಾನಗಿಯಿಲ್ಲದೆ ತರಂಗವರ್ಧಕ ಕೂರಿಸುವುದು ಕಾನೂನುಬಾಹಿರವಷ್ಟೇ ಅಲ್ಲ, ಅದರ ಗೊಂದಲ ಇತರರ ಸಂಪರ್ಕವನ್ನೂ ಕೆಡಿಸಬಲ್ಲುದು.

ಸಣ್ಣ ಪಟ್ಟಣಗಳಿಗೆ ಹೆಚ್ಚು ವೆಚ್ಚವಿಲ್ಲದ ಕ್ರಮಗಳೂ ಇವೆ. ಠಾಣೆಯನ್ನು ಅವಲಂಬಿಸದೆ ಸೆಟ್ಟಿನಿಂದ ಸೆಟ್ಟಿಗೆ ನೇರವಾಗಿ ಮಾತನಾಡುವ ವಾಹಿನಿಯನ್ನು ಮೊದಲೇ ಗೊತ್ತುಪಡಿಸುವುದು. ಮೆಟ್ಟಿಲ ತಿರುವಿನಲ್ಲೊಬ್ಬನನ್ನು ನಿಲ್ಲಿಸಿ ಒಳಗಿನ ಮಾತನ್ನು ಹೊರಗೆ ದಾಟಿಸುವುದು. ವಾಹನದ ಮರುಪ್ರಸಾರ ಯಂತ್ರವನ್ನು ಕಟ್ಟಡದ ಬಾಗಿಲಿಗೆ ತರುವುದು. ಇವೆಲ್ಲವೂ ದಿಣ್ಣೆಯ ಮೇಲೆ ನಿಂತು ಕಣಿವೆಯ ಮಾತನ್ನು ದಾಟಿಸುವ ತತ್ತ್ವವೇ.

ಇವೆಲ್ಲಕ್ಕಿಂತ ಮೊದಲು ಆಗಬೇಕಾದುದು ಪರೀಕ್ಷೆ. ಕಟ್ಟಡಕ್ಕೆ ಸ್ವಾಧೀನಪತ್ರ ನೀಡುವ ಮುನ್ನ ಒಬ್ಬ ಸಿಬ್ಬಂದಿ ನೆಲಮಾಳಿಗೆಯಲ್ಲೂ ಇನ್ನೊಬ್ಬ ಬಾಗಿಲಲ್ಲೂ ನಿಂತು ಪರಸ್ಪರವೂ ಠಾಣೆಯೊಡನೆಯೂ ಮಾತನಾಡಿ, ಧ್ವನಿ ಎಲ್ಲಿ ಕಡಿಯುತ್ತದೆಂಬುದನ್ನು ನಕ್ಷೆಯಲ್ಲಿ ಗುರುತಿಸಿಡಲು ಅರ್ಧ ದಿನ ಸಾಕು. ಬೆಟ್ಟದ ಹಾದಿಯಲ್ಲಿ ಎಲ್ಲಿ ಧ್ವನಿ ನಿಲ್ಲುತ್ತದೆಂಬುದನ್ನು ಗಸ್ತಿನವರು ನಡೆದು ತಿಳಿದುಕೊಳ್ಳುತ್ತಾರೆ. ಪಟ್ಟಣದ ಕಟ್ಟಡಗಳ ವಿಷಯದಲ್ಲಿಯೂ ಅಂತಹ ತಿಳಿವಳಿಕೆ ಬೆಂಕಿಗೆ ಮುನ್ನವೇ ದಾಖಲೆಯಾಗಿ ಠಾಣೆಯಲ್ಲಿರುವುದು ಅಗತ್ಯ.