ಹೂಗುಚ್ಛದ ಮರುದಿನ

ಕೆ. ಹೊಸಕೋಟೆ ಹೋಬಳಿಯ ಹಳ್ಳಿಯಿಂದ ಆಲೂರಿಗೋ ಹಾಸನಕ್ಕೋ ಓದಲು ಬರುವ ಹುಡುಗಿ ಬೆಳಗಿನ ಮೊದಲ ಪಿರಿಯಡ್‌ಗೆ ತಡವಾಗಿ ಬಂದರೆ ಅದಕ್ಕೆ ಸೋಮಾರಿತನವೇ ಕಾರಣ ಎಂದುಕೊಳ್ಳುವಂತಿಲ್ಲ. ತೋಟದ ದಾರಿಯಲ್ಲಿ ಆನೆ ನಿಂತಿರಬಹುದು. ಆಲೂರು, ಸಕಲೇಶಪುರ ಸೀಮೆಯಿಂದ 2014ರಲ್ಲಿ 22 ಆನೆಗಳನ್ನು ಹಿಡಿದು ಸಾಗಿಸಿದ ಮೇಲೂ ಆನೆಗಳ ಓಡಾಟ ನಿಂತಿಲ್ಲ. ಆನೆ ಎಲ್ಲಿದೆ ಎಂದು ಅರಣ್ಯ ಇಲಾಖೆ ಮೊಬೈಲಿಗೆ ಕಳಿಸುವ ಸಂದೇಶ ನೋಡಿಕೊಂಡೇ ಇಲ್ಲಿನವರು ಮನೆಯಿಂದ ಹೊರಡುತ್ತಾರೆ. ಬಳ್ಳಾರಿಯಿಂದಲೋ ವಿಜಯಪುರದಿಂದಲೋ ಹೊಸದಾಗಿ ಬಂದ ಅಧ್ಯಾಪಕರಿಗೆ ಇದು ಗೊತ್ತಿರುವುದಿಲ್ಲ. ಯಾರಾದರೂ ಹೇಳಬೇಕು. ಹೇಳುವ ಕೆಲಸ ಯಾರದು ಎಂಬುದು ಮಾತ್ರ ಯಾವ ಆದೇಶದಲ್ಲೂ ಇಲ್ಲ.

ಹೊಸಬರನ್ನು ಸ್ವಾಗತಿಸುವುದರಲ್ಲಿ ನಮ್ಮ ವಿಭಾಗಗಳು ಹಿಂದೆ ಬಿದ್ದಿಲ್ಲ. ಹೂಗುಚ್ಛ, ಶಾಲು, ಮುಖ್ಯಸ್ಥರ ಕೊಠಡಿಯಲ್ಲಿ ಕಾಫಿ, ಒಂದು ಗುಂಪು ಫೋಟೊ. ಆಮೇಲೆ ಕಾಗದಗಳ ಸರದಿ: ಕರ್ತವ್ಯಕ್ಕೆ ಹಾಜರಾದ ವರದಿ, ವೈದ್ಯಕೀಯ ಪ್ರಮಾಣಪತ್ರ, ಜಾತಿ ಸಿಂಧುತ್ವ, ಪೊಲೀಸ್ ಪರಿಶೀಲನೆ, ಸೇವಾ ಪುಸ್ತಕ. ಇವೆಲ್ಲ ಬೇಕಾದವೇ. ಆದರೆ ಇವು ನೌಕರನನ್ನು ಸರ್ಕಾರಕ್ಕೆ ಪರಿಚಯಿಸುತ್ತವೆ, ಕೆಲಸವನ್ನು ನೌಕರನಿಗೆ ಪರಿಚಯಿಸುವುದಿಲ್ಲ. ಮರುದಿನ ಬೆಳಿಗ್ಗೆ ಟೈಂಟೇಬಲ್ ಕೈಗೆ ಬರುತ್ತದೆ. ಹೋಗಿ ಪಾಠ ಮಾಡಿ ಎಂದರೆ ಮುಗಿಯಿತು.

ನಿಯಮ ಇದೆ, ತಡವಾಗಿ ಬರುತ್ತದೆ

ಅಧ್ಯಾಪಕರಿಗೂ ತರಬೇತಿ ಬೇಕೆಂಬ ಅರಿವು ಹೊಸದಲ್ಲ. 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ಬೆನ್ನಿಗೇ ವಿಶ್ವವಿದ್ಯಾಲಯಗಳಲ್ಲಿ ಅಕಾಡೆಮಿಕ್ ಸ್ಟಾಫ್ ಕಾಲೇಜುಗಳು ಹುಟ್ಟಿಕೊಂಡವು. ಮೈಸೂರು, ಬೆಂಗಳೂರು ವಿಶ್ವವಿದ್ಯಾಲಯಗಳ ಓರಿಯೆಂಟೇಷನ್ ಕೋರ್ಸು ಮುಗಿಸಿದ ತಲೆಮಾರುಗಳೇ ಇವೆ. ಆ ಕೇಂದ್ರಗಳ ಹೆಸರು ಎರಡು ಬಾರಿ ಬದಲಾಗಿ, 2023ರಿಂದ ಅವು ಮಾಳವೀಯ ಮಿಷನ್ ಶಿಕ್ಷಕ ತರಬೇತಿ ಕೇಂದ್ರಗಳು. ಯುಜಿಸಿಯ 2018ರ ನಿಯಮಾವಳಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಹೊಸ ಸಹಾಯಕ ಪ್ರಾಧ್ಯಾಪಕರಿಗೆ ಒಂದು ತಿಂಗಳ ಪ್ರವೇಶ ತರಬೇತಿ ಆಗಬೇಕು. ಸಾಧ್ಯವಾದರೆ ಪಾಠ ಶುರುವಾಗುವ ಮೊದಲೇ, ತಪ್ಪಿದರೆ ವರ್ಷದೊಳಗೆ. ಅದಕ್ಕೆಂದೇ 2019ರಲ್ಲಿ ‘ಗುರು-ದಕ್ಷತಾ’ ಎಂಬ ಮಾರ್ಗಸೂಚಿಯೂ ಬಂತು.

ಆದರೆ ವಿಭಾಗದಲ್ಲಿ ಇರುವುದೇ ಮೂವರೋ ನಾಲ್ವರೋ. ಬಂದವರನ್ನು ತಿಂಗಳು ಬಿಟ್ಟುಕೊಟ್ಟರೆ ಪಾಠ ಮಾಡುವವರು ಯಾರು? ಹೀಗಾಗಿ ‘ಸಾಧ್ಯವಾದರೆ’ ಎಂಬುದು ಉಳಿದುಹೋಗಿ ‘ವರ್ಷದೊಳಗೆ’ ಎಂಬುದೇ ರೂಢಿಯಾಗುತ್ತದೆ. ಈಜು ಕಲಿಸುವವರು ಬರುವ ಹೊತ್ತಿಗೆ ಹೊಸಬರು ನಡುಹೊಳೆಯಲ್ಲಿರುತ್ತಾರೆ.

ನೇಮಕಾತಿಯ ನಿಧಾನವೂ ಇದಕ್ಕೆ ಸೇರಿಕೊಳ್ಳುತ್ತದೆ. ರಾಜ್ಯದ ಪದವಿ ಕಾಲೇಜುಗಳ 1,242 ಸಹಾಯಕ ಪ್ರಾಧ್ಯಾಪಕ ಹುದ್ದೆಗಳಿಗೆ ಅರ್ಜಿ ಕರೆದದ್ದು 2021ರಲ್ಲಿ, ಪರೀಕ್ಷೆ ನಡೆದದ್ದು 2022ರ ಮಾರ್ಚ್‌ನಲ್ಲಿ. ಆದೇಶ ಕೈಗೆ ಬರುವಷ್ಟರಲ್ಲಿ 2024. ಅಷ್ಟು ವರ್ಷ ಕಾದು ಬಂದವರನ್ನು ಮೊದಲ ವಾರವೇ ಒಂಟಿಯಾಗಿ ಬಿಡುವುದು ಕಾದಿದ್ದಕ್ಕೆ ಸಿಗಬೇಕಾದ ಫಲವಲ್ಲ.

ಪ್ರತಿ ವರ್ಷವೂ ಹೊಸಬರು

ಕಾಯಂ ನೌಕರರ ಪಾಡು ಇದಾದರೆ ಅತಿಥಿ ಉಪನ್ಯಾಸಕರದು ಬೇರೆಯೇ. ಮಲೆನಾಡಿನ ಸರ್ಕಾರಿ ಪದವಿ ಕಾಲೇಜುಗಳಲ್ಲಿ ಪಾಠದ ದೊಡ್ಡ ಪಾಲು ಇವರ ಹೆಗಲ ಮೇಲಿದೆ. 2022ರ ಜನವರಿಯಲ್ಲಿ ಸರ್ಕಾರ ಗೌರವಧನವನ್ನು ಅರ್ಹತೆ, ಅನುಭವ ನೋಡಿ 26 ಸಾವಿರದಿಂದ 32 ಸಾವಿರ ರೂಪಾಯಿವರೆಗೆ ಏರಿಸಿತು, ಜೊತೆಗೆ ವಾರದ ಪಾಠದ ಅವಧಿಯನ್ನೂ ಹೆಚ್ಚಿಸಿತು. ಗೌರವಧನ ಏರಿದರೂ ವರ್ಷ ವರ್ಷ ಹೊಸದಾಗಿ ಅರ್ಜಿ ಹಾಕುವುದು ತಪ್ಪಲಿಲ್ಲ. ಹದಿನೈದು ವರ್ಷ ಪಾಠ ಮಾಡಿದವರೂ ದಾಖಲೆಯ ಪ್ರಕಾರ ಈ ಸಲ ಹೊಸಬರೇ. ಅವರಿಗೆ ಹೂಗುಚ್ಛವಿಲ್ಲ, ಪ್ರವೇಶ ತರಬೇತಿಯೂ ಇಲ್ಲ. ಹಲವೆಡೆ ಕೂರಲು ಸ್ವಂತ ಮೇಜೂ ಇಲ್ಲ.

ಇನ್ನು ವಿಶ್ವವಿದ್ಯಾಲಯವೇ ಹೊಸದಾದರೆ? ಹಾಸನದ ಹೇಮಗಂಗೋತ್ರಿ ದೀರ್ಘಕಾಲ ಮೈಸೂರು ವಿಶ್ವವಿದ್ಯಾನಿಲಯದ ಸ್ನಾತಕೋತ್ತರ ಕೇಂದ್ರವಾಗಿತ್ತು. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಏಳು ಹೊಸ ವಿಶ್ವವಿದ್ಯಾಲಯಗಳಲ್ಲಿ ಹಾಸನವೂ ಒಂದು. 2025ರಲ್ಲಿ ಸಂಪುಟ ಉಪಸಮಿತಿಯೊಂದು ಇಂಥ ಒಂಬತ್ತು ವಿಶ್ವವಿದ್ಯಾಲಯಗಳನ್ನು ಮುಚ್ಚುವ ಮಾತೆತ್ತಿತು. ಮನೆಯೇ ಉಳಿಯುತ್ತದೋ ಇಲ್ಲವೋ ಎಂಬ ಸ್ಥಿತಿಯಲ್ಲಿ ಬಂದವರಿಗೆ ಮನೆಯ ರೀತಿನೀತಿ ಹೇಳಿಕೊಡುವ ಉತ್ಸಾಹ ಯಾರಿಗಿರುತ್ತದೆ?

ವೆಂಕಣ್ಣಯ್ಯನವರ ದಾರಿ

ಕನ್ನಡದ ವಿಭಾಗಗಳ ಚರಿತ್ರೆಯಲ್ಲೇ ಇದಕ್ಕೊಂದು ಒಳ್ಳೆಯ ಮಾದರಿ ಇದೆ. ಕನ್ನಡದಲ್ಲೇ ಎಂ.ಎ. ಮಾಡುವಂತೆ ತರುಣ ಕುವೆಂಪು ಅವರ ಮನವೊಲಿಸಿದವರು ಟಿ.ಎಸ್. ವೆಂಕಣ್ಣಯ್ಯ. 1929ರಲ್ಲಿ ಕುವೆಂಪು ಮಹಾರಾಜ ಕಾಲೇಜಿಗೆ ಅಧ್ಯಾಪಕರಾಗಿ ಸೇರಿದಾಗ ಅವರ ಬೆನ್ನ ಹಿಂದೆ ಇದ್ದದ್ದು ಆ ಹಿರಿಯರ ವಿಶ್ವಾಸ. ಆ ಹೊಸ ಅಧ್ಯಾಪಕರು 1956ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಕುಲಪತಿಯಾದರು. ತಮ್ಮ ‘ಶ್ರೀ ರಾಮಾಯಣ ದರ್ಶನಂ’ ಅನ್ನು ಗುರು ವೆಂಕಣ್ಣಯ್ಯನವರಿಗೇ ಅರ್ಪಿಸಿದರು. ಎಲ್ಲ ವಿಭಾಗಕ್ಕೂ ವೆಂಕಣ್ಣಯ್ಯ ಸಿಗಲಾರರು, ನಿಜ. ಆದರೆ ಹೊಸಬರಿಗೊಬ್ಬ ಹಿರಿಯರನ್ನು ಗೊತ್ತುಮಾಡಿ, ಮೊದಲ ತಿಂಗಳು ಒಬ್ಬರ ತರಗತಿಯಲ್ಲಿ ಇನ್ನೊಬ್ಬರು ಕೂತು ಕೇಳುವಂತೆ ಮಾಡಲು ಹಣವೂ ಬೇಡ, ಆದೇಶವೂ ಬೇಡ.

ಈಗಲೂ ಈ ಕೆಲಸ ಅಷ್ಟಿಷ್ಟು ನಡೆಯುತ್ತಿದ್ದರೆ ಅದು ಅಟೆಂಡರ್‌ಗಳಿಂದ, ಎಫ್‌ಡಿಎಗಳಿಂದ. ಬಾಡಿಗೆ ಮನೆ ಎಲ್ಲಿದೆ, ಕೊನೆಯ ಬಸ್ಸು ಎಷ್ಟು ಹೊತ್ತಿಗೆ, ಮಳೆಗಾಲದಲ್ಲಿ ಶಿರಾಡಿ ಘಾಟಿ ಕಟ್ಟಿಕೊಂಡರೆ ಊರಿಗೆ ಹೋಗುವುದು ಹೇಗೆ, ಎಲ್ಲಕ್ಕೂ ಅವರೇ ದಾರಿ ತೋರುವವರು. ‘ಸಾರ್, ಕೊಯ್ಲು ಶುರುವಾಯ್ತು ಅಂದ್ರೆ ಹುಡುಗ್ರು ಬರೋದು ಕಮ್ಮಿ, ಇಂಟರ್ನಲ್ಸ್ ಮೊದಲೇ ಇಟ್ಕೊಳ್ಳಿ’ ಎಂಬಂಥ ಮಾತು ಯಾವ ತರಬೇತಿ ಕೇಂದ್ರದಲ್ಲೂ ಸಿಗುವುದಿಲ್ಲ. ಅರೇಬಿಕಾ ಕಾಫಿಯ ಕೊಯ್ಲು ನವೆಂಬರ್ ಹೊತ್ತಿಗೆ ಶುರುವಾಗಿ, ಅದರ ಹಿಂದೆಯೇ ರೊಬಸ್ಟಾ ಬರುತ್ತದೆ. ತೋಟದ ಲೈನ್ ಮನೆಗಳ ಮಕ್ಕಳಿಗೆ ಅದು ಕೂಲಿಯ ಕಾಲ. ಹಾಜರಾತಿ ಪುಸ್ತಕ ಅದನ್ನು ಬರೀ ಗೈರುಹಾಜರಿ ಎನ್ನುತ್ತದೆ.

ಒಂದು ಸಣ್ಣ ಬದಲಾವಣೆಯಿಂದ ಶುರುಮಾಡಬಹುದು. ನೌಕರರು ಹೊರಡುವಾಗ ಚಾರ್ಜ್ ಕೊಡುವ ಪದ್ಧತಿ ಇದ್ದೇ ಇದೆ. ಬೀರು, ಕುರ್ಚಿ, ಪ್ರೊಜೆಕ್ಟರ್, ಗ್ರಂಥಾಲಯದ ಪುಸ್ತಕ, ಎಲ್ಲವನ್ನೂ ಎಣಿಸಿ ಸಹಿ ಹಾಕಿಸಿಕೊಳ್ಳುತ್ತಾರೆ. ಆ ಪಟ್ಟಿಗೆ ಎರಡು ಹಾಳೆ ಸೇರಿಸಲಿ: ಪಾಠ ಎಲ್ಲಿಗೆ ನಿಂತಿದೆ, ಯಾವ ಹುಡುಗರಿಗೆ ಏನು ತಿಳಿದಿಲ್ಲ, ಯಾರು ಎಷ್ಟು ದೂರದಿಂದ ಬರುತ್ತಾರೆ, ಯಾರನ್ನು ಸಂಜೆ ಬೇಗ ಬಿಡಬೇಕು. ಅತಿಥಿ ಉಪನ್ಯಾಸಕರಿಂದಲೂ ಬರೆಸಲಿ. ಅದಕ್ಕೆ ತಗಲುವ ಒಂದು ದಿನವನ್ನು ಕೆಲಸದ ದಿನವೆಂದೇ ಲೆಕ್ಕ ಹಾಕಲಿ. ಮೂರು ವರ್ಷದಲ್ಲಿ ಮೂವರು ಮೇಷ್ಟ್ರನ್ನು ಕಾಣುವ ವಿದ್ಯಾರ್ಥಿ ಪ್ರತಿ ಸಲವೂ ತನ್ನ ಕಷ್ಟವನ್ನು ಮೊದಲಿನಿಂದ ಹೇಳಿಕೊಳ್ಳುವುದು ಆಗ ತಪ್ಪುತ್ತದೆ. ಕುರ್ಚಿಗಿರುವ ಲೆಕ್ಕ ಅವನಿಗೂ ಇರಲಿ.