ಕ್ಯಾಸನೂರು ಕಾಡಿನ ಜ್ವರ

೧೯೫೭ನೆಯ ಇಸವಿಯ ಮಾರ್ಚ್ ತಿಂಗಳಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳೂ ಮುಸುವಗಳೂ ಒಂದರ ಹಿಂದೊಂದು ಸತ್ತುಬೀಳತೊಡಗಿದುವು. ಅದೇ ದಿನಗಳಲ್ಲಿ ಕಾಡಿನಂಚಿನ ಹಳ್ಳಿಗಳ ಜನರನ್ನು ಉಗ್ರವಾದ ಜ್ವರವೊಂದು ಹಿಡಿಯಿತು. ಸಹಿಸಲಾರದ ತಲೆನೋವು, ಮಾಂಸಖಂಡಗಳ ನೋವು, ಕೆಂಪೇರಿದ ಕಣ್ಣು; ಕೆಲವರಿಗೆ ಮೂಗು ವಸಡುಗಳಿಂದ ರಕ್ತಸ್ರಾವ. ಎಲ್ಲರೂ ಬದುಕಿ ಉಳಿಯಲಿಲ್ಲ. ಮಂಗಗಳ ಸಾವಿಗೂ ತಮ್ಮ ಜ್ವರಕ್ಕೂ ನಂಟಿರುವುದನ್ನು ಕಂಡ ಜನರು ಇದನ್ನು ಮಂಗನ ಕಾಯಿಲೆಯೆಂದೇ ಕರೆದರು.

ಪುಣೆಯಲ್ಲಿ ೧೯೫೨ರಲ್ಲಿ ಸ್ಥಾಪಿತವಾಗಿದ್ದ ವೈರಸ್ ಸಂಶೋಧನ ಕೇಂದ್ರದ ವಿಜ್ಞಾನಿಗಳು ಸುದ್ದಿ ತಿಳಿದೊಡನೆ ಗಾಬರಿಯಾದುದರಲ್ಲಿ ಆಶ್ಚರ್ಯವಿಲ್ಲ. ಮಂಗಗಳೂ ಮನುಷ್ಯರೂ ಒಟ್ಟಿಗೆ ಸಾಯುವುದು ದಕ್ಷಿಣ ಅಮೆರಿಕದ ಕಾಡುಗಳ ಪೀತಜ್ವರದ ಲಕ್ಷಣ. ಅದನ್ನು ಹರಡಬಲ್ಲ ಸೊಳ್ಳೆಗಳು ನಮ್ಮಲ್ಲಿ ಬೇಕಾದಷ್ಟಿವೆ. ರೋಗ ಮಾತ್ರ ಭಾರತಕ್ಕೆ ಕಾಲಿಟ್ಟಿರಲಿಲ್ಲ. ಟೆಲ್ಫರ್ಡ್ ವರ್ಕ್, ಹೆರಾಲ್ಡ್ ಟ್ರಾಪಿಡೊ ಮೊದಲಾದವರ ತಂಡ ಕಾಡಿಗೆ ಬಂದಿತು. ಪ್ರಯೋಗಾಲಯದಲ್ಲಿ ಬೇರ್ಪಡಿಸಿದ ವೈರಸ್ ಪೀತಜ್ವರದ್ದಾಗಿರಲಿಲ್ಲ. ಅದು ರಷ್ಯಾದ ಕಾಡುಗಳಲ್ಲಿ ಉಣ್ಣೆಗಳು ಹರಡುವ ಮಿದುಳುಜ್ವರದ ವೈರಸ್ಸಿಗೆ ಹತ್ತಿರದ ನಂಟಿನದಾಗಿತ್ತು. ಅಷ್ಟು ದೂರದ ನಂಟ ಮಲೆನಾಡಿಗೆ ಬಂದ ಬಗೆಯೇನು? ವಲಸೆಯ ಹಕ್ಕಿಗಳು ಉಣ್ಣೆಗಳನ್ನು ಹೊತ್ತು ತಂದಿರಬಹುದೆಂಬ ಊಹೆ ಹುಟ್ಟಿತು. ಸಲೀಂ ಅಲಿಯವರ ಹಕ್ಕಿಗಳ ಅಧ್ಯಯನಕ್ಕೆ ವಿಶ್ವ ಆರೋಗ್ಯ ಸಂಸ್ಥೆಯ ನೆರವು ದೊರೆತುದು ಈ ಕಾರಣದಿಂದಲೇ. ಊಹೆ ರುಜುವಾತಾಗಲಿಲ್ಲ, ಹಕ್ಕಿಗಳ ವಿಚಾರ ಮಾತ್ರ ನಮಗೆ ಬಹಳಷ್ಟು ತಿಳಿಯಿತು.

ಇನ್ನು ಉಣ್ಣೆಯ ವಿಚಾರ. ದೇವರ ಹಿಪ್ಪರಗಿ, ಸಿಂದಗಿಗಳ ಎರೆಹೊಲದ ಬಯಲಿನಲ್ಲಿ ಬೆಳೆದ ವಿದ್ಯಾರ್ಥಿಗೂ ಎತ್ತಿನ ಕಿವಿಯೊಳಗೆ ಕಡಲೆಯಂತೆ ಉಬ್ಬಿ ಕುಳಿತ ಉಣ್ಣೆಯ ಪರಿಚಯವಿರುವುದು. ಮಲೆನಾಡಿನವರು ಇದನ್ನು ಉಣುಗು ಎನ್ನುತ್ತಾರೆ. ಮಂಗನ ಕಾಯಿಲೆಯನ್ನು ಮುಖ್ಯವಾಗಿ ಹರಡುವುದು ಹಿಮಾಫಿಸಾಲಿಸ್ ಸ್ಪಿನಿಜೆರ ಎಂಬ ಕಾಡಿನ ಜಾತಿ. ಅದರ ಪ್ರೌಢ ಹೆಣ್ಣು ಮಳೆಗಾಲದಲ್ಲಿ ದನಗಳಂಥ ದೊಡ್ಡ ಪ್ರಾಣಿಗಳ ರಕ್ತವನ್ನು ಹೀರಿ, ನೆಲಕ್ಕುದುರಿ, ತರಗೆಲೆಗಳ ನಡುವೆ ಮೊಟ್ಟೆಯಿಡುವುದು. ಮಳೆ ಕಳೆದ ಮೇಲೆ ಆರು ಕಾಲಿನ ಮರಿಗಳು ಹೊರಬಂದು ಇಲಿ, ಹಕ್ಕಿಗಳನ್ನು ಕಚ್ಚುವುವು. ಪೊರೆ ಕಳಚಿ ಎಂಟು ಕಾಲಿನ ಎಳೆಯ ಉಣ್ಣೆಗಳಾಗುವುವು. ಮನುಷ್ಯನಿಗೆ ಅಪಾಯಕಾರಿಯಾದುದು ಈ ಅವಸ್ಥೆಯೇ. ಗಾತ್ರ ಮಿಲಿಮೀಟರಿನ ಆಸುಪಾಸು. ಕಚ್ಚಿದುದು ಎಷ್ಟೋ ವೇಳೆ ತಿಳಿಯುವುದೇ ಇಲ್ಲ. ಇವು ಹೆಚ್ಚಾಗಿರುವ ಡಿಸೆಂಬರಿನಿಂದ ಮೇ ತಿಂಗಳವರೆಗಿನ ಅವಧಿಯೇ ಜ್ವರದ ಕಾಲವೂ ಹೌದು. ಒಂದು ಅವಸ್ಥೆಯಲ್ಲಿ ಹೊಕ್ಕ ವೈರಸ್ ಮುಂದಿನ ಅವಸ್ಥೆಯಲ್ಲಿಯೂ ಉಳಿಯುವುದು.

ಹುಲ್ಲಿನ ತುದಿಯಲ್ಲಿ ಕುಳಿತ ಉಣ್ಣೆ ಮುಂಗಾಲುಗಳನ್ನು ಚಾಚಿ, ಸಮೀಪಿಸುವ ಪ್ರಾಣಿಯ ಉಸಿರಿನ ಇಂಗಾಲದ ಡೈಆಕ್ಸೈಡನ್ನೂ ಮೈಯ ಶಾಖವನ್ನೂ ಗ್ರಹಿಸುವುದು. ಕಾಲೇಜಿನಲ್ಲಿ ಉಷ್ಣಮಾಪನದ ಉಪಕರಣಗಳೊಡನೆ ಹೆಣಗುವ ನನ್ನಂಥವನಿಗೆ ಈ ಸಲಕರಣೆಯನ್ನು ಕಂಡರೆ ಅಸೂಯೆ!

ಮಂಗ ಸತ್ತಾಗ ಅದರ ಮೈಮೇಲಿನ ಸೋಂಕಿದ ಉಣ್ಣೆಗಳು ಅಲ್ಲಿಯೇ ಉದುರುವುವು. ಆ ನೆಲದ ಮೇಲೆ ತರಗು ಗುಡಿಸಲು ಬಂದವರಿಗೆ ಅಪಾಯ ಕಾದಿರುವುದು. ದನದ ಪಾತ್ರ ಇನ್ನೂ ವಿಚಿತ್ರವಾದುದು: ಅದು ಜ್ವರದಿಂದ ಮಲಗುವುದಿಲ್ಲ, ಆದರೆ ಉಣ್ಣೆಯ ಸಂತತಿಯನ್ನು ತನ್ನ ರಕ್ತದಿಂದ ಸಾಕುವುದು. ಕಾಡನ್ನು ಕಡಿದು ಗದ್ದೆ ಮಾಡಿ, ಉಳಿದ ಕಾಡಿಗೆ ದನಗಳನ್ನು ಮೇಯಲು ಬಿಟ್ಟುದರಿಂದ ಉಣ್ಣೆಗಳು ಹೆಚ್ಚಿ, ಮರೆಯಲ್ಲಿದ್ದ ವೈರಸ್ ಹೊರಬಿದ್ದಿತೆಂದು ಜಾರ್ಜ್ ಬೋಷೆಲ್ ೧೯೬೦ರ ದಶಕದಲ್ಲಿಯೇ ವಾದಿಸಿದರು. ೧೯೮೨-೮೩ರಲ್ಲಿ ದಕ್ಷಿಣ ಕನ್ನಡದ ಬೆಳ್ತಂಗಡಿ ತಾಲ್ಲೂಕಿನಲ್ಲಿ ಗೇರುತೋಟಕ್ಕಾಗಿ ಕಾಡು ಕಡಿದ ಬಳಿಕ ರೋಗ ಭೀಕರವಾಗಿ ಎದ್ದಾಗ ಆ ವಾದಕ್ಕೆ ಬಲ ಬಂದಿತು. ಇತ್ತೀಚಿನ ಅಧ್ಯಯನಗಳೂ ಕಾಡು, ಗದ್ದೆ, ತೋಟಗಳು ಒಂದರೊಳಗೊಂದು ಹೆಣೆದುಕೊಂಡ ಪ್ರದೇಶಗಳನ್ನೇ ಬೆರಳಿಟ್ಟು ತೋರಿಸುವುವು.

ಆದುದರಿಂದ ವೈದ್ಯನೊಬ್ಬನೇ, ಪಶುವೈದ್ಯನೊಬ್ಬನೇ, ಅರಣ್ಯಾಧಿಕಾರಿಯೊಬ್ಬನೇ ಈ ರೋಗವನ್ನು ಗೆಲ್ಲಲಾರನು. ಮನುಷ್ಯ, ಪ್ರಾಣಿ, ಪರಿಸರಗಳ ಆರೋಗ್ಯವನ್ನು ಒಂದಾಗಿ ಕಾಣಬೇಕೆಂದು ಈಗ ಜಗತ್ತಿನೆಲ್ಲೆಡೆ ಹೇಳುತ್ತಿರುವ ಮಾತು ಕ್ಯಾಸನೂರಿನವರಿಗೆ ಹೊಸದಲ್ಲ. ಮಂಗ ಸತ್ತ ಸುದ್ದಿಯನ್ನು ಮೊದಲು ತರಬಲ್ಲವನು ದನಗಾಹಿ, ಇಲ್ಲವೆ ಸೌದೆಗೆ ಹೋದ ಹೆಂಗಸು. ಸುದ್ದಿ ಬೇಗ ತಲಪಿದರೆ ಆ ಜಾಗದ ಸುತ್ತ ಕೀಟನಾಶಕದ ಪುಡಿ ಎರಚಿ, ಜನರನ್ನು ಅತ್ತ ಸುಳಿಯದಂತೆ ತಡೆಯಬಹುದು. ಕಳೇಬರವನ್ನು ಬರಿಗೈಯಿಂದ ಮುಟ್ಟಲಾಗದು. ೨೦೧೨ರಲ್ಲಿ ಬಂಡೀಪುರದಲ್ಲಿ ಸತ್ತ ಮಂಗಗಳ ವಿಲೇವಾರಿಗೆ ಹೋದ ಅರಣ್ಯದ ಕೆಲಸಗಾರರೇ ಕಾಯಿಲೆಗೆ ತುತ್ತಾದರು.

ತೋಟ ಹಾಳುಮಾಡುವ ಮಂಗವನ್ನು ಕೊಂದರೆ ಪೀಡೆಯೂ ರೋಗವೂ ಒಟ್ಟಿಗೆ ತೊಲಗುವುವೆಂದು ವಾದಿಸುವವರಿದ್ದಾರೆ. ನನಗೆ ಇದು ಗಂಟೆಯ ಸದ್ದಿಗೆ ಹೆದರಿ ಗಂಟೆಯನ್ನೇ ಒಡೆದಂತೆ ತೋರುವುದು. ವೈರಸ್ ಇಲಿ, ಮೂಗಿಲಿ, ಉಣ್ಣೆಗಳಲ್ಲಿ ಉಳಿದೇ ಇರುವುದು. ಎಚ್ಚರಿಸುವ ಪ್ರಾಣಿ ಮಾತ್ರ ಇಲ್ಲವಾಗುವುದು. ಮಂಗಗಳನ್ನು ಹಿಡಿದು ಒಂದೆಡೆ ಕೂಡಿಡುವ ಯೋಜನೆಯೂ ೨೦೧೯ರಲ್ಲಿ ಶಿವಮೊಗ್ಗ ಜಿಲ್ಲೆಯಲ್ಲಿ ಕೇಳಿಬಂದಿತು. ಮಂಗಗಳೊಡನೆ ಉಣ್ಣೆಗಳೂ ಕೂಡಿಕೊಳ್ಳುವುದರಿಂದ ನೆರೆಯ ಹಳ್ಳಿಗರು ಅಂಜಿದರೆ ತಪ್ಪೇನು?

ಸೋಂಕಿದ ನೂರು ಮಂದಿಯಲ್ಲಿ ಮೂರರಿಂದ ಐದು ಮಂದಿ ಸಾಯುವ ಈ ಜ್ವರಕ್ಕೆ ನೇರವಾದ ಔಷಧವಿಲ್ಲ, ಆರೈಕೆಯಷ್ಟೇ. ೧೯೯೦ರಿಂದ ಕೊಡುತ್ತಿದ್ದ ಲಸಿಕೆಯ ಶಕ್ತಿ ಸಾಲದೆಂದು ಕಂಡುಬಂದು ೨೦೨೨ರ ವೇಳೆಗೆ ಅದು ನಿಂತಿತು. ಹೊಸ ಲಸಿಕೆಯ ಪ್ರಯತ್ನ ನಡೆದಿದೆ. ಅಲ್ಲಿಯವರೆಗೆ ಉಳಿದಿರುವುದು ಕಾಡಿಗೆ ಹೋಗುವ ಮುನ್ನ ಕೈಕಾಲಿಗೆ ಹಚ್ಚುವ ಡೀಪಾ ಎಣ್ಣೆ, ಮೈಮುಚ್ಚುವ ಬಟ್ಟೆ, ಮರಳಿದೊಡನೆ ಬಿಸಿನೀರಿನ ಸ್ನಾನ. ಕಾಡಿಗೆ ಹೋಗಬೇಡಿರೆಂದು ಹೇಳುವುದು ಸುಲಭ. ಆದರೆ ಕೊಟ್ಟಿಗೆಯ ತರಗು, ಅದರಿಂದಾಗುವ ಗೊಬ್ಬರ, ಆ ಗೊಬ್ಬರವನ್ನು ನಂಬಿದ ಅಡಕೆಮರ ಇವೆಲ್ಲವೂ ಆ ಕಾಡಿನಿಂದಲೇ ಬರಬೇಕು. ತರಗು ಒಣಗಿ ದೊರೆಯುವುದೂ ಎಳೆಯ ಉಣ್ಣೆ ಕಚ್ಚುವ ತಿಂಗಳುಗಳಲ್ಲಿಯೇ.