ಗೇರು ಹಾಕಿದರೆ ಗಾಡಿ ಯಾಕೆ ಜಿಗಿಯುತ್ತದೆ?

ಅಕ್ಕಂದಿರೆ, ನಿಮ್ಮ ಮನೆಯಲ್ಲಿ ಮೋಟಾರ್ ಸೈಕಲ್ ಇದೆಯೆ? ಸಂತೆಗೆ, ದವಾಖಾನೆಗೆ, ಜಾತ್ರೆಗೆ ಅದರ ಮೇಲೆ ಹೋಗುತ್ತೀರಿ. ಕೆಲವರು ತಾವೇ ಹೊಡೆಯುತ್ತೀರಿ. ಹಾಗಾದರೆ ಈ ಪಾಠ ನಿಮಗೆ ಬೇಕು.

ಒಮ್ಮೆ ನಾನು ಯಲಬುರ್ಗಾದಿಂದ ಕುಷ್ಟಗಿಗೆ ಹೊರಟಿದ್ದೆ. ಗಾಡಿ ನನ್ನ ಕೈಯಲ್ಲಿತ್ತು. ಹಿಂದೆ ತಂಗಿ ಕುಳಿತಿದ್ದಳು. ಅವಳ ಮಡಿಲಲ್ಲಿ ಎಂಟು ತಿಂಗಳ ಕೂಸು. ದಾರಿಗೆ ಕುರಿಹಿಂಡು ಅಡ್ಡ ಬಂತು. ಗಾಡಿ ನಿಲ್ಲಿಸಿದೆ. ಕುರಿ ದಾಟಿದ ಮೇಲೆ ಕ್ಲಚ್ಚು ಹಿಡಿದು ಗೇರು ಹಾಕಿದೆ. ಖಟ್! ಕ್ಲಚ್ಚು ಬಿಡುವ ಮೊದಲೇ ಗಾಡಿ ಮುಂದೆ ಜಿಗಿಯಿತು. ತಂಗಿ ಹಿಂದಕ್ಕೆ ವಾಲಿದಳು. ಪುಣ್ಯಕ್ಕೆ ನನ್ನ ಹೆಗಲು ಹಿಡಿದು ಉಳಿದಳು.

"ಅಕ್ಕಾ, ಹಗೂರ್ಕ ಹೊಡಿ!" ಅಂದಳು.

ತಪ್ಪು ನನ್ನದೇ ಅಂದುಕೊಂಡೆ. ಕುಷ್ಟಗಿಯಲ್ಲಿ ಮೆಕ್ಯಾನಿಕ್ ನೋಡಿ ಹೇಳಿದ: "ಅಕ್ಕಾರ, ಕ್ಲಚ್ಚಿನ ವೈರ್ ಸಡಲ ಆಗೇತ್ರಿ. ಕ್ಲಚ್ಚು ಪೂರಾ ಬಿಡವಲ್ದು."

ಕ್ಲಚ್ಚು ಅಂದರೆ ಏನು?

ಎಂಜಿನ್ ಸದಾ ತಿರುಗುತ್ತದೆ. ಗಾಲಿ ಮಾತ್ರ ಬೇಕಾದಾಗ ತಿರುಗಬೇಕು. ಇವೆರಡನ್ನು ಕೂಡಿಸುವುದು, ಬಿಡಿಸುವುದು ಕ್ಲಚ್ಚಿನ ಕೆಲಸ. ಅದರೊಳಗೆ ದುಂಡನೆಯ ತೆಳು ಪ್ಲೇಟುಗಳಿವೆ. ಸ್ಪ್ರಿಂಗುಗಳು ಅವನ್ನು ಒತ್ತಿ ಹಿಡಿದಿರುತ್ತವೆ. ಎಡಗೈಯ ಹಿಡಿ ಎಳೆದರೆ ಪ್ಲೇಟುಗಳು ಬೇರೆ ಆಗುತ್ತವೆ. ಆಗ ಎಂಜಿನ್ ತಿರುಗಿದರೂ ಗಾಲಿಗೆ ಬಲ ಹೋಗುವುದಿಲ್ಲ.

ತೊಳೆದ ತಾಟುಗಳನ್ನು ಒಂದರ ಮೇಲೊಂದು ಇಟ್ಟು ನೋಡಿರಿ. ನೀರಿಗೆ ಅಂಟಿಕೊಳ್ಳುತ್ತವೆ. ಒಂದನ್ನು ತಿರುಗಿಸಿದರೆ ಇನ್ನೊಂದೂ ತಿರುಗುತ್ತದೆ. ಕ್ಲಚ್ಚಿನ ಪ್ಲೇಟುಗಳೂ ಪೂರ್ತಿ ಬೇರೆ ಆಗದಿದ್ದರೆ ಹೀಗೇ. ಹಿಡಿ ಎಳೆದರೂ ಗಾಡಿ ಮುಂದೆ ತಳ್ಳುತ್ತದೆ. ಗೇರು ಖಟ್ ಅನ್ನುತ್ತದೆ. ನಿಂತಾಗ ನ್ಯೂಟ್ರಲ್ ಸಿಗುವುದಿಲ್ಲ. ಇದಕ್ಕೆ ಕ್ಲಚ್ ಡ್ರ್ಯಾಗ್ ಅನ್ನುತ್ತಾರೆ.

ಯಾಕೆ ಹೀಗಾಗುತ್ತದೆ?

ಬಹಳ ಸಲ ವೈರ್ ಸಡಿಲಾಗಿರುತ್ತದೆ. ಎಂಜಿನ್ ಆಯಿಲ್ ಬಹಳ ದಪ್ಪ ಇದ್ದರೂ ಹೀಗಾಗುತ್ತದೆ. ಪ್ಲೇಟು ಸೊಟ್ಟಾದರೂ ಆಗುತ್ತದೆ. ಬೆಳಗಿನ ತಂಪಿನಲ್ಲಿ ಪ್ಲೇಟುಗಳು ಎಣ್ಣೆಗೆ ಅಂಟಿರುತ್ತವೆ.

ಹಿಡಿಯ ತುದಿಯಲ್ಲಿ ಸ್ವಲ್ಪ ಸಡಿಲು ಇರಲೇಬೇಕು. ಬಹಳ ಗಾಡಿಗಳಿಗೆ ಅದು 10ರಿಂದ 20 ಮಿಲಿಮೀಟರ್. ನಿಮ್ಮ ಗಾಡಿಯ ಪುಸ್ತಕದಲ್ಲಿ ಬರೆದಿರುತ್ತದೆ. ಈಗ ನೀವು ಓದಬಲ್ಲಿರಿ, ನೋಡಿರಿ. ಸಡಿಲು ಹೆಚ್ಚಾದರೆ ಗಾಡಿ ಜಿಗಿಯುತ್ತದೆ. ಸಡಿಲೇ ಇಲ್ಲದಿದ್ದರೆ ಪ್ಲೇಟು ಜಾರಿ ಸವೆಯುತ್ತವೆ.

ಗೇರು ಮೆತ್ತಗೆ ಹಾಕುವುದು ಹೇಗೆ?

1. ಬೆಳಿಗ್ಗೆ ಎಂಜಿನ್ ಚಾಲೂ ಮಾಡುವ ಮುಂಚೆ ಗೇರು ಹಾಕಿ, ಹಿಡಿ ಎಳೆದು, ಗಾಡಿಯನ್ನು ಹಿಂದೆ ಮುಂದೆ ತಳ್ಳಿರಿ. ಪ್ಲೇಟು ಬಿಡುತ್ತವೆ. ಆಮೇಲೆ ನ್ಯೂಟ್ರಲ್‌ಗೆ ತನ್ನಿರಿ.
2. ಗೇರು ಬದಲಿಸುವಾಗ ಎಕ್ಸಲೇಟರ್ ಬಿಡಿರಿ.
3. ಹಿಡಿಯನ್ನು ಪೂರ್ತಿ ಎಳೆಯಿರಿ. ಅರ್ಧ ಎಳೆಯಬೇಡಿರಿ.
4. ಗೇರನ್ನು ಒಂದೇ ಸಲಕ್ಕೆ ಕೊನೆಯವರೆಗೆ ಒತ್ತಿರಿ. ಒದೆಯಬೇಡಿರಿ.
5. ಹಿಡಿ ನಿಧಾನವಾಗಿ ಬಿಡಿರಿ. ಬಿಡುತ್ತಾ ಎಕ್ಸಲೇಟರ್ ಕೊಡಿರಿ.

ಹಿಂದೆ ನಮ್ಮ ಮೈಸೂರಿನಲ್ಲಿ ಜಾವಾ ಗಾಡಿ ತಯಾರಾಗುತ್ತಿತ್ತು. ಕಾರ್ಖಾನೆ 1961ರಲ್ಲಿ ಶುರುವಾಗಿ 1996ರಲ್ಲಿ ಮುಚ್ಚಿತು. ಆ ಗಾಡಿಯಲ್ಲಿ ಓಡುವಾಗ ಗೇರು ಒತ್ತಿದರೆ ಕ್ಲಚ್ಚು ತಾನೇ ಬಿಡುತ್ತಿತ್ತು. ಈಗಿನ ಗೇರಿನ ಗಾಡಿಗಳಲ್ಲಿ ಹೆಚ್ಚಾಗಿ ನಮ್ಮ ಕೈಯೇ ಆ ಕೆಲಸ ಮಾಡಬೇಕು. ಗೇರಿಲ್ಲದ ಸ್ಕೂಟರಿಗೆ ಕ್ಲಚ್ಚಿನ ಹಿಡಿಯೇ ಇಲ್ಲ.

ನನ್ನ ಗಾಡಿಯ ವೈರ್ ಬಿಗಿ ಮಾಡಲು ಮೆಕ್ಯಾನಿಕ್‌ಗೆ ಬಹಳ ಹೊತ್ತು ಹಿಡಿಯಲಿಲ್ಲ. ಅಷ್ಟು ಸಣ್ಣ ಕೆಲಸಕ್ಕೆ ಕೂಸು ರಸ್ತೆಗೆ ಬೀಳುತ್ತಿತ್ತು. ಹಿಂದೆ ಕುಳಿತವರಿಗೂ ಖಟ್ ಅನ್ನುವ ಸಪ್ಪಳ ಕೇಳುತ್ತದೆ. ಕೇಳಿದರೆ ಸುಮ್ಮನಿರಬೇಡಿರಿ. "ಕ್ಲಚ್ಚು ತೋರಸ್ರಿ" ಎಂದು ಹೇಳಿರಿ.

ಹೇಳಿರಿ ನೋಡೋಣ:
ಕ್ಲಚ್ಚಿನ ಕೆಲಸ ಏನು?
ನಿಮ್ಮ ಮನೆಯ ಗಾಡಿಯ ಹಿಡಿಯಲ್ಲಿ ಎಷ್ಟು ಸಡಿಲು ಇದೆ?